ನಾನು ಮನುಷ್ಯ ಅಂತ ಒಪ್ಪಿಸೋಕೆ ನಾಲ್ಕೂರು ಸುತ್ತಿದ್ದು

"ನೀನೇನ್ ಮನುಷ್ಯನೇನಯ್ಯ?" ಅಂತ ನನ್ನ ಕೇಳದೇ ಇರೋನು ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ಒಬ್ಬನೂ ಸಿಗಲ್ಲ. ರೇಟು ಕಮ್ಮಿ ಹೇಳಿದ್ರೆ ತೋಟದೋನು ಕೇಳ್ತಾನೆ, ಜಾಸ್ತಿ ಹೇಳಿದ್ರೆ ಯಾಪಾರಿ ಕೇಳ್ತಾನೆ, ಮನೆಗೆ ಹೋದ್ರೆ ನಮ್ಮೋಳು ಕೇಳ್ತಾಳೆ. ಅದಕ್ಕೆಲ್ಲ ನಾನು ಜವಾಬು ಕೊಟ್ಟೋನೇ ಅಲ್ಲ. ಆದ್ರೆ ಈಗೀಗ ಜೇಬಲ್ಲಿರೋ ಫೋನೇ ಅದನ್ನ ಕೇಳೋಕೆ ಶುರು ಮಾಡಿದೆ ಕಣ್ರಿ. ದಿನಾ ಒಂದಲ್ಲ ಒಂದು ಇಂಥದ್ದು. ಹೇಳಿದ್ರೆ ನೀವು ನಗ್ತೀರ. ನಗಿ. ನನಗಂತೂ ಇನ್ನೂ ರಕ್ತ ಕುದೀತಾ ಇದೆ.

ನಂದು ಮಾವಿನ ದಲ್ಲಾಳಿ ಕೆಲಸ. ತೋಟದೋನು ಹಣ್ಣು ತಂದು ನನ್ನ ಮುಂದೆ ಸುರೀತಾನೆ, ಯಾಪಾರಿ ಬಂದು ಕೊಳ್ತಾನೆ, ಮಧ್ಯ ಕೂತು ಕುದುರಿಸೋನು ನಾನು. ನಮ್ಮಲ್ಲಿ ರೇಟು ಬಾಯಲ್ಲಿ ಹೇಳಲ್ಲ. ಯಾಪಾರಿ ಕೈ, ನನ್ನ ಕೈ, ಎರಡೂ ಟವಲ್ ಕೆಳಗೆ. ಬೆರಳು ಹಿಡಿದು ಒತ್ತಿದ್ರೆ ಅದೇ ರೇಟು. ಸುತ್ತ ನಿಂತಿರೋರು ಟವಲ್ ನೋಡಲ್ಲ, ನನ್ನ ಮುಖ ನೋಡ್ತಾರೆ. ಒಂದು ರೆಪ್ಪೆ ಅಲ್ಲಾಡಿದ್ರೆ ಸಾಕು, ಪಕ್ಕದ ಮಂಡಿಗೆ ರೇಟು ತಿಳಿದೋಯ್ತು. ಅದಕ್ಕೇ ನನ್ನ ಮುಖ ಕಲ್ಲು. ಮೂಗಿನ ಮೇಲೆ ನೊಣ ಕೂತ್ರೆ, ಅದೇ ಬೇಜಾರಾಗಿ ಎದ್ದು ಹೋಗಬೇಕು. ಈ ಜಿಲ್ಲೆಯಲ್ಲಿ ಇಂಥ ಮುಖ ಇನ್ನೊಂದಿಲ್ಲ. ತನಗೂ ಇದೆ ಅಂತ ಎದುರು ಮಂಡಿಯವನು ಹೇಳ್ಕೊಂಡು ತಿರುಗ್ತಾನೆ. ಅವನು ಹೇಳೋದೆಲ್ಲ ಬರೀ ಸುಳ್ಳು.

ನಾನು ಕೂರೋ ಜಾಗ ಹುಣಸೆ ಮರದ ಕೆಳಗೆ. ಮಂಡಿಯಲ್ಲೆಲ್ಲ ಸಾಯಂಕಾಲದವರೆಗೂ ನೆರಳಿರೋದು ಅದೊಂದೇ ಜಾಗ. ನೆರಳಿದ್ರೆ ಹಣ್ಣು ಬಾಡಲ್ಲ, ಹಣ್ಣು ಬಾಡದಿದ್ರೆ ತೋಟದೋನು ಬೇರೆ ಕಡೆ ಹೋಗಲ್ಲ. ಆ ಜಾಗ ಹೋದ್ರೆ ನಾನೂ ಹೋದಂಗೆ. ಎದುರು ಮಂಡಿಯವನಿಗೆ ಮಧ್ಯಾಹ್ನದ ಬಿಸಿಲು ನೆತ್ತಿ ಮೇಲೆ ಹೊಡೆಯುತ್ತೆ, ಹಂಗಾಗಿ ನನ್ನ ನೆರಳಿನ ಮೇಲೆ ಅವನ ಕಣ್ಣು.

ಹೋದ ವರ್ಷ ನಮ್ಮ ಮಂಡಿ ಸಂಘದೋರು ಜಾಗ ಹಂಚೋದನ್ನ ಕಂಪ್ಯೂಟರ್‌ಗೆ ಹಾಕಿದ್ರು. ಯಾವನೋ ಹೊರಗಿನೋನು ಕೂತಲ್ಲೇ ಒಂದು ಪ್ರೋಗ್ರಾಮ್ ಬಿಟ್ಟು, ನಾವು ಕಣ್ಣು ಬಿಡೋದ್ರೊಳಗೆ ಅರ್ಧ ಮಂಡಿ ಹಿಡ್ಕೊಂಡ. ಆಮೇಲೆ ನಮ್ಮ ಜಾಗಾನ ನಮಗೇ ಬಾಡಿಗೆಗೆ ಕೊಡೋಕೆ ಬಂದ. ಒದ್ದು ಓಡಿಸಿದ್ವಿ. ಅದಕ್ಕೇ ಈ ವರ್ಷ ಹೊಸ ರೂಲ್ಸು: ಅರ್ಜಿ ಹಾಕೋನು ಪ್ರೋಗ್ರಾಮ್ ಅಲ್ಲ, ಮನುಷ್ಯನೇ ಅಂತ ಮೊದಲು ಮಿಶಿನ್‌ಗೆ ಒಪ್ಪಿಸಬೇಕು. ಶುಕ್ರವಾರ ಸಂಜೆಯೊಳಗೆ ಒಪ್ಪಿಸದೆ ಹೋದ್ರೆ ಜಾಗ ಇನ್ನೊಬ್ಬರ ಪಾಲು.

ಅಲ್ಲಿಂದ ಶುರುವಾಯ್ತು ನನ್ನ ಗ್ರಹಚಾರ.

ಕೋಳಿ ಕದ್ದಿಲ್ಲ

ಸೋಮವಾರ ಬಸ್‌ಸ್ಟ್ಯಾಂಡ್ ಹತ್ರದ ಆನ್‌ಲೈನ್ ಸೆಂಟರ್‌ಗೆ ಹೋದೆ. ಅಲ್ಲೊಬ್ಬ ಹೆಣ್ಣುಮಗಳು ಕೂತಿರ್ತಾಳೆ. ರೇಷನ್ ಕಾರ್ಡು, ಪಹಣಿ, ಸ್ಕಾಲರ್‌ಶಿಪ್ಪು, ಎಲ್ಲಾ ಅವಳೇ. ನನ್ನ ಹೆಸರು, ನಂಬರು ಎಲ್ಲ ಹಾಕಿದ್ಲು. ಆಮೇಲೆ ನಿಂತಳು.

"ತಾತ, ಇಲ್ಲಿ 'ನಾನು ರೋಬೋಟ್ ಅಲ್ಲ' ಅಂತಿದೆ. ಟಿಕ್ ಹಾಕ್ತೀನಿ."

"ತಡಿಯಮ್ಮ. ನಾನು ರೋಬೋಟ್ ಅಂತ ಹೇಳಿದೋನು ಯಾರು?"

"ಯಾರೂ ಹೇಳಿಲ್ಲ ತಾತ."

"ಯಾರೂ ಹೇಳ್ದೇ ನಾನ್ಯಾಕೆ ಅಲ್ಲ ಅನ್ಲಿ? ನಾಳೆ ನಾನು ಬಸ್‌ಸ್ಟ್ಯಾಂಡ್‌ನಲ್ಲಿ ನಿಂತು 'ನಾನು ಕೋಳಿ ಕದ್ದಿಲ್ಲ' ಅಂತ ಕೂಗಿದ್ರೆ ಜನ ಏನ್ ಮಾಡ್ತಾರೆ? ಮೊದಲು ಮನೆಗೋಗಿ ಅವರವರ ಕೋಳಿ ಎಣಿಸ್ಕೊತಾರೆ!"

ಹಿಂದೆ ಕ್ಯೂ ನಿಂತಿತ್ತು. ಒಬ್ಬಳು ಮುದುಕಿ, "ಲೇ ಅಣ್ಣಯ್ಯ, ಅಲ್ಲ ಅಂದುಬಿಡೋ, ನನ್ನ ಬಸ್ಸು ಹೊಂಟೋಗುತ್ತೆ" ಅಂದ್ಲು.

"ನಿನ್ನ ಬಸ್ಸಿಗೋಸ್ಕರ ನಾನು ಮರ್ಯಾದೆ ಕಳ್ಕೊಳ್ಲಾ?" ಅಂದೆ. ಅಷ್ಟರಲ್ಲಿ ಆ ಹೆಣ್ಣುಮಗಳು ನನ್ನ ಕೇಳದೇನೇ ಟಿಕ್ ಹಾಕಿಬಿಟ್ಟಳು. ಹಾಕಿದ ತಕ್ಷಣ ಕೆಂಪು ಅಕ್ಷರ ಬಂತು.

"ಏನಂತಮ್ಮ? ನನ್ನ ಬೈತಾ ಇದೆಯಾ?"

ಅವಳು ಓದಿದ್ಲು. "ಈ ಕಂಪ್ಯೂಟರ್‌ನಿಂದ ಬೆಳಗ್ಗಿಂದ ಒಂದೇ ಸಮನೆ ಅರ್ಜಿ ಬರ್ತಾ ಇದೆಯಂತೆ. ಮನುಷ್ಯರು ಹಿಂಗೆ ಕೆಲಸ ಮಾಡಲ್ಲ, ಇಲ್ಲಿ ಕೂತಿರೋದು ಯಾವುದೋ ಪ್ರೋಗ್ರಾಮೇ ಇರಬೇಕು ಅಂತಿದೆ ತಾತ."

"ಹಂಗಾದ್ರೆ ಅದು ಹೇಳ್ತಿರೋದು ನಿನಗೆ ಕಣಮ್ಮ, ನನಗಲ್ಲ!" ಅಂದೆ, ಕ್ಯೂ ಕಡೆ ತಿರುಗಿ, ಎಲ್ಲರಿಗೂ ಕೇಳಿಸೋ ಹಂಗೆ.

ಅವಳು ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡ್ಲು. "ಬೆಳಗ್ಗಿಂದ ಒಂದು ಲೋಟ ನೀರು ಕುಡಿಯೋಕೂ ಎದ್ದಿಲ್ಲ ತಾತ. ಅದಕ್ಕಾದ್ರೂ ಗೊತ್ತಾಯ್ತಲ್ಲ ಬಿಡಿ."

ಕೊಂಬೆ ಯಾರ್ದು

ಮನೆಯಿಂದ ನಿಮ್ಮ ಫೋನ್‌ನಲ್ಲೇ ಮಾಡಿ ಅಂತ ಅವಳೇ ಹೇಳಿಕೊಟ್ಟು ಕಳಿಸಿದ್ಲು. ಮಂಗಳವಾರ ಹೊಸ್ತಿಲ ಮೇಲೆ ಕೂತು ಶುರು ಮಾಡಿದೆ. ಪಕ್ಕದಲ್ಲಿ ನಮ್ಮೋಳು ಅವರೇಕಾಯಿ ಬಿಡಿಸ್ತಾ ಇದ್ಲು.

ಟಿಕ್ ಆಯ್ತು. ಆಮೇಲೆ ಒಂದು ದೊಡ್ಡ ಫೋಟೋ ಬಂತು, ಚೌಕ ಚೌಕ ಗೆರೆ ಎಳೆದು. ಮಧ್ಯದಲ್ಲೊಂದು ಮೋಟಾರ್ ಸೈಕಲ್. ಅದು ಇರೋ ಚೌಕಾನೆಲ್ಲ ಒತ್ತಬೇಕಂತೆ. ಇದ್ಯಾವ ದೊಡ್ಡ ಕೆಲಸ? ಸಾವಿರ ಹಣ್ಣಿನ ರಾಶಿಯಲ್ಲಿ ಒಂದು ಹುಳುಕು ದೂರದಿಂದ್ಲೇ ಹೇಳೋನು ನಾನು. ಗಾಡಿ ಇದ್ದ ಚೌಕ ಎಲ್ಲಾ ಒತ್ತಿದೆ. ಒಂದು ಉಳೀತು. ಗಾಡಿಯ ಕನ್ನಡಿ ಇದೆಯಲ್ಲ, ಅದರ ತುದಿ ಮಾತ್ರ, ಅಕ್ಕಿಕಾಳಿನಷ್ಟು, ಪಕ್ಕದ ಚೌಕಕ್ಕೆ ಚಾಚಿಕೊಂಡಿತ್ತು. ಅದನ್ನೂ ಒತ್ತಿದೆ.

"ಅದ್ಯಾಕೆ ಒತ್ತಿದ್ದು?" ಅಂದ್ಲು ನಮ್ಮೋಳು, ಇಣುಕಿ ನೋಡಿ.

"ಕನ್ನಡಿ ಅಲ್ಲಿಗೆ ಹೋಗಿದೆ."

"ಅದು ಪಕ್ಕದ ಮನೆ."

"ಪಕ್ಕದ ಮನೆ ಆದ್ರೇನು? ನನ್ನ ಮಾವಿನಮರದ ಕೊಂಬೆ ಪಕ್ಕದ ಜಮೀನಿಗೆ ಚಾಚಿದ್ರೆ ಹಣ್ಣು ಯಾರ್ದು? ಬುಡ ಯಾರ್ದೋ ಅವ್ರ್ದೇ. ಎಷ್ಟು ತೋಟದ ಪಂಚಾಯ್ತಿ ಮಾಡಿಲ್ಲ ನಾನು!"

ತಪ್ಪು ಅಂತು ಫೋನು. ಇನ್ನೊಂದು ಫೋಟೋ ಕೊಟ್ತು. ಈ ಸಲ ಬಸ್ಸು. ಬಸ್ಸಿನ ಹಿಂದಿನ ಏಣಿಯ ಒಂದು ಕಂಬಿ ಪಕ್ಕದ ಚೌಕದಲ್ಲಿತ್ತು. ನಾನು ಬಿಡ್ಲಿಲ್ಲ. ಬುಡ ಬಸ್ಸಿಂದು, ಕಂಬೀನೂ ಬಸ್ಸಿಂದೇ. ಮತ್ತೆ ತಪ್ಪು. ಮೂರನೇದು, ನಾಲ್ಕನೇದು, ನಾನು ನ್ಯಾಯ ಬಿಡಲ್ಲ, ಅದು ಹಟ ಬಿಡಲ್ಲ.

"ತತ್ತಾ ಇಲ್ಲಿ" ಅಂತ ನಮ್ಮೋಳು ಫೋನ್ ಕಿತ್ಕೊಂಡ್ಲು. ಸೆರಗಲ್ಲಿ ಬೆರಳು ಒರೆಸಿ, ಕಣ್ಣಿಗೆ ದಪ್ಪಗೆ ಕಂಡಿದ್ದನ್ನ ಮಾತ್ರ ಟಕಟಕ ಒತ್ತಿದ್ಲು. ಹಸಿರು ಟಿಕ್ ಬಿತ್ತು.

"ಹೆಂಗೆ?" ಅಂದೆ.

"ಹೆಂಗೂ ಇಲ್ಲ. ಅಕ್ಕಿಕಾಳಷ್ಟು ಜಾಗಕ್ಕೆ ಜಗಳ ಆಡೋನು ಮನುಷ್ಯ ಅಲ್ಲ ಅಂತ ಅದಕ್ಕೂ ಗೊತ್ತು, ಪಕ್ಕದ ಮನೆಯೋರಿಗೂ ಗೊತ್ತು."

ಅಂದು ಮತ್ತೆ ಅವರೇಕಾಯಿ ಎತ್ಕೊಂಡ್ಲು.

ಬೈದು ತೋರಿಸು

ಬುಧವಾರ ಮುಳಬಾಗಿಲ ಕಡೆ ಒಂದು ತೋತಾಪುರಿ ತೋಟ ನೋಡೋಕೆ ಹೋಗಿದ್ದೆ. ತೋಟದೋನು ನನ್ನ ಹಳೇ ಗಿರಾಕಿ, ಅರ್ಧ ತೆಲುಗು ಅರ್ಧ ಕನ್ನಡ. ಮರದ ಕೆಳಗೆ ನಿಂತಿದ್ದಾಗ ಫೋನ್ ಬಂತು. ಜೇನಿನಂಥ ಹೆಣ್ಣು ಧ್ವನಿ.

"ನಮಸ್ಕಾರ. ನಿಮ್ಮ ಅರ್ಜಿ ಪರಿಶೀಲನೆಗಾಗಿ ಈ ಕರೆ. ನೀವು ಮನುಷ್ಯರಾಗಿದ್ದರೆ ಒಂದನ್ನು ಒತ್ತಿ."

"ನೀನ್ಯಾರಮ್ಮ ಮೊದಲು ಹೇಳು. ಯಾರ ಮಗಳು?"

"ಕ್ಷಮಿಸಿ. ನಿಮ್ಮ ಆಯ್ಕೆ ಸರಿಯಾಗಿಲ್ಲ. ನೀವು ಮನುಷ್ಯರಾಗಿದ್ದರೆ ಒಂದನ್ನು ಒತ್ತಿ."

"ಏನೇ ಇದು, ಹೆಸರು ಕೇಳಿದ್ರೆ ಹೇಳಲ್ಲ, ನನ್ನನ್ನೇ ಮನುಷ್ಯನಾ ಅಂತೀಯಾ?"

ತೋಟದೋನು ಹೊಟ್ಟೆ ಹಿಡ್ಕೊಂಡ. "ಅದಿ ಮಿಶನ್ ಅನ್ನಾ! ಒಕಟಿ ನೊಕ್ಕು!"

ಮಿಶಿನ್ ಅಂತೆ, ಒಂದನ್ನ ಒತ್ತಬೇಕಂತೆ! ತಾನೇ ಒಂದು ಮಿಶಿನ್, ನನ್ನ ಮನುಷ್ಯನಾ ಅಂತ ಕೇಳುತ್ತೆ. ಹಲ್ಲು ಕಚ್ಚಿ ಒಂದನ್ನ ಒತ್ತಿದೆ. ಧನ್ಯವಾದ ಅಂತು. ಫೋನ್ ಜೇಬಿಗೆ ಹಾಕಿ ನಾಲ್ಕು ಮರ ದಾಟಿಲ್ಲ, ಮತ್ತೆ ಬಂತು. ಈ ಸಲ ಗಂಡಸಿನ ಧ್ವನಿ. ಚೀಟಿ ನೋಡಿ ಓದಿದ ಹಂಗೆ.

"ನಮಸ್ಕಾರ. ಮಂಡಿ ಸಂಘದಿಂದ ಮಾತಾಡ್ತಿರೋದು. ನಿಮ್ಮ ಅರ್ಜಿ ಇನ್ನೂ ಪೂರ್ತಿ ಆಗಿಲ್ಲ. ಶುಕ್ರವಾರ ಕೊನೆ ದಿನ."

"ತಿರುಗಾ ಬಂದ್ಯಾ? ಈಗ ತಾನೇ ಒತ್ತಿದ್ನಲ್ಲೋ ಒಂದನ್ನ! ಹೆಂಗಸಿನ ಧ್ವನಿಗೆ ಬಗ್ಗಲಿಲ್ಲ ಅಂತ ಈಗ ಗಂಡಸಿನ ಧ್ವನಿ ಹಾಕ್ಕೊಂಡು ಬಂದ್ಯಾ?"

"ಯಜಮಾನ್ರೇ, ನಾನು ಅಧ್ಯಕ್ಷ ಕಣ್ರಿ."

"ಯಾವ ಅಧ್ಯಕ್ಷನೋ? ನಮ್ಮ ಸಂಘದ ಅಧ್ಯಕ್ಷನ ಧ್ವನಿ ನನಗೆ ಗೊತ್ತಿಲ್ವಾ? ಅದು ಹರಿದ ತಮಟೆ ಇದ್ದಂಗಿರುತ್ತೆ. ನಿನ್ನ ಧ್ವನೀಲಿ ಸ್ವಲ್ಪ ಮರ್ಯಾದೆ ಇದೆ. ಅದರಲ್ಲೇ ಸಿಕ್ಕಿಬಿದ್ದೆ ನೀನು!"

"ರೀ, ನಾನೇ ಕಣ್ರಿ, ನಿಜವಾಗ್ಲೂ..."

"ನೀನು ಮನುಷ್ಯ ಆಗಿದ್ರೆ ಎರಡನ್ನ ಒತ್ತು ನೋಡೋಣ!"

"ಎಲ್ಲಿ ಒತ್ಲಿರೀ?"

"ಗೊತ್ತಾಗ್ಲಿಲ್ಲ ಅಲ್ವಾ? ನನಗೂ ಹಿಂಗೇ ಆಗಿದ್ದು! ಹೋಗ್ಲಿ, ಇನ್ನೊಂದು ಚಾನ್ಸ್ ಕೊಡ್ತೀನಿ. ಮನುಷ್ಯ ಆದ್ರೆ ನನಗೆ ಬೈಯಿ. ಬೈದು ತೋರಿಸು. ಮಿಶಿನ್‌ಗೆ ಬೈಯೋಕೆ ಬರಲ್ಲ."

ಆಮೇಲೆ ಶುರುವಾಯ್ತು ನೋಡಿ. ಕನ್ನಡದಲ್ಲಿ ಹೊರಟ, ತೆಲುಗಿಗೆ ದಾಟಿದ, ಉರ್ದುವಿನಲ್ಲಿ ಸ್ವಲ್ಪ ಸುಧಾರಿಸ್ಕೊಂಡು ಮತ್ತೆ ಕನ್ನಡಕ್ಕೆ ಬಂದ. ನಮ್ಮಜ್ಜನ ಕಾಲದ ಒಂದು ಬೇಲಿ ಜಗಳ ಎತ್ತಿದ. ನನ್ನ ತಕ್ಕಡಿ ಎತ್ತಿದ. ತೋಟದೋನು ಫೋನಿಗೆ ಕಿವಿ ಕೊಟ್ಟು ತಲೆದೂಗ್ತಾ ನಿಂತಿದ್ದ.

ಮುಗಿದ ಮೇಲೆ ನಾನು ಕೈ ಮುಗಿದೆ. "ಅಧ್ಯಕ್ಷರೇ, ನಂಬಿದೆ. ಮೊದಲೇ ಹಿಂಗೆ ನಮಸ್ಕಾರ ಹೇಳಿದ್ರೆ ಇಬ್ಬರಿಗೂ ಟೈಮ್ ಉಳೀತಿತ್ತು."

ಸರಿಯಾಗಿ ಒತ್ತಿದೋನು

ಅದೇ ಫೋನಿನಲ್ಲಿ ಅಧ್ಯಕ್ಷ ಇನ್ನೊಂದು ಹೇಳಿದ. ಟಿಕ್, ಫೋಟೋ, ಕಾಲ್ ಆದ್ರೆ ಸಾಲದು, ಇವತ್ತಿಂದ ಮುಖಾನೂ ತೋರಿಸಬೇಕಂತೆ. ದಿನಕ್ಕೊಂದು ರೂಲ್ಸು ಮಾಡೋಕೆ ಇವರ ಅಪ್ಪನ ಮನೆ ಗಂಟಾ? ಗುರುವಾರ ಬೆಳಗ್ಗೆ ಕೋಲಾರದ ಬಸ್ಸು ಹತ್ತಿದೆ. ಸಂಘದ ಕಂಪ್ಯೂಟರ್ ನೋಡ್ಕೊಳ್ಳೋ ಹುಡುಗನಂಥ ಗಂಡಸೊಬ್ಬ ಅಲ್ಲಿ ಬಸ್‌ಸ್ಟ್ಯಾಂಡ್ ಹಿಂದೆ ಮಹಡಿ ಮೇಲೆ ರೂಮ್ ಇಟ್ಕೊಂಡಿದ್ದಾನೆ. ಮೆಟ್ಟಿಲು ಹತ್ತೋವಾಗ್ಲೇ ಬೈಕೊಂಡು ಹತ್ತಿದೆ.

"ಏನಯ್ಯ, ನನ್ನ ಹೆಂಡ್ತಿ ಫೋಟೋ ಒತ್ತಿ ಪಾಸಾದ್ಲಲ್ಲ, ಮತ್ತೆ ಮುಖ ಯಾಕೆ?"

"ಕೂತ್ಕೊಳಿ ತಾತ. ಏನಾಯ್ತು ಅಂದ್ರೆ, ಆ ಪ್ರೋಗ್ರಾಮ್ ಈ ವರ್ಷವೂ ಬಂತು. ಫೋಟೋ ಪರೀಕ್ಷೇಲಿ ಎಲ್ಲರಿಗಿಂತ ಮೊದಲು ಪಾಸಾಗಿದ್ದು ಅದೇ."

"ಏನು?"

"ಹೂಂ ತಾತ. ಒಂದು ಚೌಕಾನೂ ತಪ್ಪಿಲ್ಲ. ನಮ್ಮ ಮೆಂಬರ್‌ಗಳೇ ಎಲ್ಲಾ ಫೇಲು. ಅಧ್ಯಕ್ಷರು ಸೇತುವೆ ತೋರಿಸಿ ಅಂದ್ರೆ ಮದುವೆ ಚಪ್ಪರ ಒತ್ತಿದ್ದಾರೆ."

ನನಗೆ ಮೈಯೆಲ್ಲ ಉರಿದುಹೋಯ್ತು. ಕಳ್ಳನ್ನ ಹಿಡಿಯೋಕೆ ಅಂತ ಬೀಗ ಹಾಕಿ, ಬೀಗದ ಕೈ ಅವನಿಗೇ ಕೊಟ್ಟು, ಮನೆಯೋರನ್ನ ಬೀದೀಲಿ ನಿಲ್ಲಿಸಿದ್ದಾರೆ!

"ಅಷ್ಟೂ ಗೊತ್ತಾಗಲ್ವೇನಯ್ಯ ನಿಮಗೆ? ತಪ್ಪು ಒತ್ತಿದೋನ್ನ ಒಳಗೆ ಬಿಡು. ಸರಿಯಾಗಿ ಒತ್ತಿದೋನ್ನ ಕತ್ತು ಹಿಡಿದು ಆಚೆಗೆ ನೂಕು. ಮುಗೀತು ಕೆಲಸ!"

ಅವನು ಕಂಪ್ಯೂಟರ್ ಕಡೆ ತಿರುಗಿ ಏನೋ ತಟ್ಟಿದ. ನನ್ನ ಹೆಸರಿನ ಮುಂದಿದ್ದ ತಪ್ಪುಗಳ ಕೆಂಪು ಸಾಲು ತೋರಿಸಿದ. ಅದು ಕೆಳಗೆ ಹೋಗ್ತಾನೇ ಇತ್ತು.

"ಹಂಗೆ ಮಾಡಿದ್ರೆ ತಾತ, ಇಡೀ ಮಂಡೀಲಿ ನಿಮ್ಮಷ್ಟು ಮನುಷ್ಯರು ಇನ್ನೊಬ್ರಿಲ್ಲ."

"ಅದನ್ನೇ ನಾನು ಮೊದಲಿಂದ್ಲೂ ಹೇಳ್ತಿರೋದು!" ಅಂದು ಕೆಳಗಿಳಿದೆ.

ನಮ್ಮಪ್ಪ ಪಾಸು

ಕೋಲಾರದಿಂದ ಹಂಗೇ ಮಾಲೂರಿಗೆ ಹೋದೆ. ಅಲ್ಲಿ ನನ್ನ ಮಗಳ ಮನೆ. ದಿನಾ ರೈಲಲ್ಲಿ ಕೆಲಸಕ್ಕೆ ಓಡಾಡ್ತಾಳೆ, ಫೋನಿನ ಒಳಗು ಹೊರಗು ಎಲ್ಲಾ ಗೊತ್ತು. ಸಂಜೆ ಅವಳು ರೈಲಿಳಿದು ಬರೋವರೆಗೂ ಅಳಿಯನ ಜೊತೆ ಕೂತಿದ್ದೆ. ಅವನು ಇಟ್ಟಿಗೆ ಗೂಡಿನಲ್ಲಿ ಮೇಸ್ತ್ರಿ, ನನ್ನ ಮುಂದೆ ಬಾಯಿ ಬಿಡಲ್ಲ. ಒಳ್ಳೇ ಅಳಿಯ.

ಮಗಳು ಬಂದು ಫೋನ್ ಸರಿ ಮಾಡಿ ಕೊಟ್ಲು. "ಅಪ್ಪ, ಇದು ಹೇಳಿದಂಗೆ ಮಾಡು, ಅಷ್ಟೇ. ದಿನಕ್ಕೆ ಮೂರೇ ಸಲ ಬಿಡುತ್ತೆ, ಆಮೇಲೆ ನಾಳೇನೇ."

ಫೋನ್ ಈಸ್ಕೊಂಡು, ಟವಲ್ ತಲೆ ಮೇಲೆ ಎಳ್ಕೊಂಡೆ. ಇಷ್ಟು ದೊಡ್ಡ ವ್ಯವಹಾರ, ನಾಲ್ಕು ಜನ ನೋಡೋ ಹಂಗೆ ಬಯಲಲ್ಲಿ ಮಾಡೋಕಾಗುತ್ತಾ? ಜೀವನ ಪೂರ್ತಿ ಟವಲ್ ಕೆಳಗೇ ಮಾಡಿದ್ದೀನಿ. 'ಕತ್ತಲಾಗಿದೆ, ಮುಖ ಕಾಣುತ್ತಿಲ್ಲ' ಅಂತು. ಒಂದು ಸಲ ಹೋಯ್ತು.

"ಟವಲ್ ತೆಗಿ ಅಪ್ಪ!"

ತೆಗೆದೆ. 'ಕಣ್ಣು ಮಿಟುಕಿಸಿ' ಅಂತು. ಮಿಟುಕಿಸಿದೆ.

"ಮಿಟುಕಿಸಪ್ಪ."

"ಮಿಟುಕಿಸಿದ್ನಲ್ಲೇ."

"ಎಲ್ಲಿ? ನಾನೂ ನೋಡ್ತಾ ಇದ್ದೀನಿ, ಏನೂ ಅಲ್ಲಾಡ್ಲಿಲ್ಲ."

"ಅಲ್ಲಾಡಿದ್ದು ಕಾಣಿಸಿದ್ರೆ ನಾನು ದಲ್ಲಾಳಿ ಹೆಂಗಾಗ್ತಿದ್ದೆ?"

ಫೋನು ಸ್ವಲ್ಪ ಹೊತ್ತು ಕಾದು ಬರೀತು: 'ಮುಖದಲ್ಲಿ ಜೀವ ಕಾಣುತ್ತಿಲ್ಲ. ಫೋಟೋ ತೋರಿಸಬೇಡಿ.' ಇನ್ನೇನು ನೆಲಕ್ಕೆ ಅಪ್ಪಳಿಸಬೇಕು, ಮಗಳು ಕೈ ಹಿಡ್ಕೊಂಡ್ಲು. ಉಳಿದಿದ್ದು ಒಂದೇ ಸಲ. "ಕೊಡು, ನಾನೇ ಹಿಡ್ಕೊತೀನಿ, ಎದ್ದು ಬೆಳಕಿಗೆ ಬಾ" ಅಂತ ಈಸ್ಕೊಂಡು, ಒತ್ತಿ, ಗೋಡೆ ಕಡೆ ಬೆನ್ನು ಮಾಡಿ ನಿಂತ್ಲು. ಆ ಗೋಡೇಲಿ ನಮ್ಮಪ್ಪನ ಫೋಟೋ. ಸತ್ತು ಎಷ್ಟೋ ಕಾಲ ಆಯ್ತು. ಮಗಳಿಗೆ ತಾತ ಅಂದ್ರೆ ಪ್ರಾಣ, ಫೋಟೋಗೆ ಹಾರ ಹಾಕಿ, ಸುತ್ತ ಹತ್ತಿ ಆರೋ ಬಣ್ಣದ ಲೈಟ್ ಬಿಟ್ಟಿದ್ದಾಳೆ. ನಾನು ಎದ್ದು ಪಂಚೆ ಸರಿ ಮಾಡ್ಕೊಳ್ಳೋದ್ರೊಳಗೆ ಫೋನಿನ ಗಾಜು ಅವಳ ಭುಜದ ಮೇಲಿಂದ ನಮ್ಮಪ್ಪನ ಕಡೆ ತಿರುಗಿತ್ತು. ಟಿಂಗ್ ಅಂತು.

'ಕಣ್ಣು ಮಿಟುಕಿಸಿದ್ದಕ್ಕೆ ಧನ್ಯವಾದ. ಈಗ ದಯವಿಟ್ಟು ನಗಿ.'

ಹೊಟ್ಟೆ ಉರೀತು ಕಣ್ರಿ. ಎದುರಿಗೆ ಉಸಿರಾಡ್ಕೊಂಡು ನಿಂತಿರೋ ನಾನು ಸತ್ತೋನು, ಹಾರ ಹಾಕಿಸ್ಕೊಂಡು ಗೋಡೇಲಿರೋ ನಮ್ಮಪ್ಪ ಬದುಕಿದ್ದಾನೆ! ಮೂವರೂ ಉಸಿರು ಬಿಗಿಹಿಡಿದು ನಮ್ಮಪ್ಪನ್ನೇ ನೋಡ್ತಾ ನಿಂತ್ವಿ. ನಗಲಿಲ್ಲ. ಮೂರನೇ ಸಲಾನೂ ಹೋಯ್ತು.

ಬಾಯಿ ಬಿಡದ ಅಳಿಯ ಆವತ್ತು ಬಾಯಿ ಬಿಟ್ಟ. "ಬೇಜಾರು ಮಾಡ್ಕೊಬೇಡಿ ಮಾವ. ಬದುಕಿದ್ದಾಗ್ಲೇ ನಗದೋರು, ಈಗ ಹೆಂಗೆ ನಗ್ತಾರೆ?"

ಹುಣಸೆ ಮರದ ಕೆಳಗೆ

ಶುಕ್ರವಾರ. ಕೊನೇ ದಿನ. ಬೆಳಗ್ಗೇನೇ ಮಂಡಿಗೆ ಬಂದು ನನ್ನ ಮರದ ಕೆಳಗೆ ಕೂತೆ. ಹೋಗೋದಾದ್ರೆ ಇಲ್ಲಿಂದ್ಲೇ ಹೋಗ್ಲಿ ಅಂತ. ಫೋನ್ ಎತ್ತಿದೆ, 'ಮುಖದಲ್ಲಿ ಜೀವ ಕಾಣುತ್ತಿಲ್ಲ' ಅಂತು. ಮಧ್ಯಾಹ್ನ ಇನ್ನೊಂದು ಸಲ ಎತ್ತಿದೆ, ಅದೇ ಮಾತು. ಉಳಿದಿದ್ದು ಒಂದು. ಅಧ್ಯಕ್ಷ ಬಂದು ಪಕ್ಕದಲ್ಲಿ ಕುರ್ಚಿ ಹಾಕ್ಕೊಂಡ. ಬುಧವಾರದ ಸಿಟ್ಟು ಇನ್ನೂ ಇತ್ತು ಅವನಿಗೆ.

"ನಗ್ರಿ ಯಜಮಾನ್ರೇ. ಐದು ಗಂಟೆಗೆ ಬಾಗಿಲು ಹಾಕ್ತಾರೆ. ಆಮೇಲೆ ಈ ಜಾಗ ಯಾರ್ದಾಗುತ್ತೋ ನನಗೆ ಗೊತ್ತಿಲ್ಲ."

"ನಗು ಬರಬೇಕಲ್ಲ?"

"ಏನಾದ್ರೂ ಒಳ್ಳೇದು ನೆನಪಿಸ್ಕೊಳ್ರಿ."

ನೆನಪಿಸ್ಕೊಂಡೆ. ಸಿಟ್ಟು ಬಂತು.

ಅಷ್ಟರಲ್ಲಿ ಎದುರು ಮಂಡಿಯಿಂದ ಅವನು ಎದ್ದು ಬಂದ. ನನ್ನ ಜೊತೆ ಅವನು ಮಾತು ಬಿಟ್ಟು ಎಷ್ಟೋ ಸೀಜನ್ ಆಗಿತ್ತು. ನನ್ನ ಜಾಗ ಅಳತೆ ಮಾಡೋಕೆ ಬಂದ ಅಂದ್ಕೊಂಡೆ. ನೋಡಿದ್ರೆ ಅವನ ಕೈಲೂ ಫೋನು, ಮುಖದಲ್ಲಿ ಬೆವರು.

"ಅಧ್ಯಕ್ಷರೇ, ಇದೇನೋ ಬರೆದಿದೆ, ನನ್ನ ಕನ್ನಡಕ ಮನೇಲಿದೆ. ಓದಿ ಹೇಳಿ. ಉಳಿದಿದ್ದ ಕೊನೇ ಸಲಾನೂ ಒತ್ತಿಬಿಟ್ಟಿದ್ದೀನಿ."

ಅಧ್ಯಕ್ಷ ಯಾರದೋ ಫೋನಿನಲ್ಲಿದ್ದ, ಕೈ ಆಡಿಸಿದ. ಅವನು ಹಲ್ಲು ಕಡೀತಾ ನನ್ನ ಕಡೆ ಚಾಚಿದ. "ಲೇ, ನಿನಗೆ ಓದೋಕೆ ಬರುತ್ತಲ್ಲ. ಓದ್ಲಾ."

ನಾನು ಓದಿರೋದು ಮೂರನೇ ಕ್ಲಾಸು. ಆದ್ರೆ ಆ ಸಾಲು ಓದೋಕೆ ಮೂರನೇ ಕ್ಲಾಸು ಬೇಕಿರಲಿಲ್ಲ, ನೋಡಿ ನೋಡಿ ಬಾಯಿಪಾಠ ಆಗಿತ್ತು. ಫೋನ್ ಈಸ್ಕೊಂಡು, ಮುಖದ ಹತ್ರ ಹಿಡಿದು, ಮಂಡಿಗೆಲ್ಲ ಕೇಳಿಸೋ ಹಂಗೆ ಓದಿದೆ: "ಮುಖದಲ್ಲಿ... ಜೀವ... ಕಾಣುತ್ತಿಲ್ಲ!"

ಇವನಿಗೆ! ಜಿಲ್ಲೆಗೇ ನನಗಿಂತ ದೊಡ್ಡ ಮುಖ ಅಂತ ಮೆರೀತಿದ್ದ ಇವನಿಗೆ! ಎಲ್ಲಿಂದ ಬಂತೋ ಗೊತ್ತಿಲ್ಲ ಕಣ್ರಿ, ಹೊಟ್ಟೆ ಒಳಗಿಂದ ಕಿತ್ಕೊಂಡು ಬಂತು ನಗು. ಕಣ್ಣಲ್ಲಿ ನೀರು ಬಂತು, ರೆಪ್ಪೆ ಪಟಪಟ ಬಡೀತು, ಮುಂದಿನ ಹಲ್ಲಿಲ್ಲದ ಬಾಯಿ ಅಷ್ಟಗಲ ಆಯ್ತು.

ಟಿಂಗ್.

'ಅಭಿನಂದನೆಗಳು. ನೀವು ಮನುಷ್ಯರು.'

ಕೈಲಿದ್ದಿದ್ದು ಅವನ ಫೋನು.

"ಲೇ ಮನೆಹಾಳ! ಏನ್ಲಾ ಮಾಡ್ದೆ? ನನ್ನ ಅರ್ಜಿಗೆ ನಿನ್ನ ಮುಖ ಹಾಕಿದ್ಯೇನ್ಲಾ!" ಅಂತ ಅವನು ಮೈಮೇಲೆ ಬಿದ್ದ. ನಾನು ನಗೋದು ನಿಲ್ಲಿಸೋಕಾಗ್ದೆ ಹಿಂದಕ್ಕೆ ವಾಲಿದೆ. ಮಡಿಲಲ್ಲಿದ್ದ ನನ್ನ ಫೋನ್ ಕೆಳಗೆ ಬಿತ್ತು. ಅವನು ಬಾಚ್ಕೊಂಡ. "ನಿಂದೂ ಹಾಳು ಮಾಡ್ತೀನಿ ತಾಳು" ಅಂತ ಸಿಕ್ಕಿದ್ದನ್ನೆಲ್ಲ ಒತ್ತಿದ. ಉಳಿದಿದ್ದ ಕೊನೇ ಸಲ ಶುರುವಾಯ್ತು, ಮೇಲೆ ಮಧ್ಯಾಹ್ನದ ಸಾಲು ಹಂಗೇ ಇತ್ತು. ದಪ್ಪ ಅಕ್ಷರ, ಕಣ್ಣಿಗೆ ಅಂಟಿಸ್ಕೊಂಡು ಒಂದೊಂದೇ ಕೂಡಿಸಿದ. "ಮುಖದಲ್ಲಿ ಜೀವ... ಅಯ್ಯಯ್ಯೋ, ನಿನಗೂ ಇದನ್ನೇ ಅಂದಿದ್ಯೇನ್ಲಾ!" ಅಂದವನೇ ಹುಣಸೆ ಮರ ಹಿಡ್ಕೊಂಡು ನಗೋಕೆ ಶುರು ಮಾಡಿದ. ಕೋಣ ಕೆಮ್ಮಿದಂಗೆ.

ಟಿಂಗ್.

ಅಧ್ಯಕ್ಷ ಎದ್ದು ನಿಂತ. ಕೋಲಾರದೋನಿಗೆ ಫೋನ್ ಮಾಡಿದ. ತುಂಬಾ ಹೊತ್ತು ಕೇಳಿಸ್ಕೊಂಡು, ನಮ್ಮಿಬ್ಬರ ಕಡೆ ತಿರುಗಿದ.

"ಜಾಗ ಉಳೀತು. ಅವರವರ ಜಾಗ ಅವರವರ್ದೇ. ಆದ್ರೆ ಮುಖ ಅದಲು ಬದಲು ಆಗಿದೆ. ಸೀಜನ್ ಮುಗಿಯೋವರೆಗೂ ಬದಲಾಯಿಸೋಕಾಗಲ್ವಂತೆ. ದಿನಾ ಬೆಳಗ್ಗೆ ಮಂಡಿ ತೆಗೀಬೇಕಾದ್ರೆ ಫೋನಿಗೆ ಮುಖ ತೋರಿಸಿ ನಗಬೇಕು. ಇವನ ಮಂಡಿ ತೆಗೆಯೋಕೆ ನೀವು ನಗಬೇಕು, ನಿಮ್ಮ ಮಂಡಿ ತೆಗೆಯೋಕೆ ಇವನು ನಗಬೇಕು."

ಈಗ ಬಾದಾಮಿ ಮಾವು ಬರ್ತಾ ಇದೆ. ದಿನಾ ಬೆಳಗ್ಗೆ ಲಾರಿಗಳು ಬಾಗಿಲಲ್ಲಿ ಹಾರನ್ ಹೊಡೀತಾ ನಿಂತಿರ್ತವೆ, ನಾವಿಬ್ಬರೂ ಹುಣಸೆ ಮರದ ಕೆಳಗೆ ಎದುರು ಬದುರು ಕೂತು, ಒಬ್ಬರ ಫೋನ್ ಇನ್ನೊಬ್ಬರು ಹಿಡ್ಕೊಂಡು ನಗ್ತೀವಿ. ನಗು ಬರದಿದ್ದ ದಿನ ಒಬ್ಬರಿಗೊಬ್ಬರು ಬೈಕೊತೀವಿ, ಆಗ ಬರುತ್ತೆ. ಆಮೇಲೆ ಫೋನ್ ವಾಪಸ್ ಎಸೆದು ಅವರವರ ಜಾಗಕ್ಕೆ ಹೋಗ್ತೀವಿ, ಸಾಯಂಕಾಲದವರೆಗೂ ಮಾತಿಲ್ಲ.

ಈ ಸುದ್ದಿ ನಮ್ಮೋಳ ಕಿವಿಗೆ ಬೀಳಬಾರದು ಅಂತ ಎಲ್ಲರಿಗೂ ತಾಕೀತು ಮಾಡಿದ್ದೆ. ಹಂಗೆ ಮಾಡಿದ್ರೆ ಬೇಗ ಬೀಳುತ್ತೆ ಅಂತ ಈ ವಯಸ್ಸಿನಲ್ಲೂ ನನಗೆ ಗೊತ್ತಾಗಲಿಲ್ಲ. ಮೊನ್ನೆ ಊಟಕ್ಕೆ ಕೂತೆ. ತಟ್ಟೆ ಖಾಲಿ. ಅವಳು ಸೊಂಟದ ಮೇಲೆ ಕೈಯಿಟ್ಕೊಂಡು ನಿಂತಿದ್ಲು.

"ಮುದ್ದೆ ಎಲ್ಲೇ?"

"ನನ್ನ ಕಟ್ಕೊಂಡು ಮೂರು ಮಕ್ಕಳ ಮದುವೆ ಮಾಡ್ದೆ. ಒಂದು ದಿನ ನನ್ನ ಮುಖ ನೋಡಿ ಹಲ್ಲು ಬಿಟ್ಟಿದ್ದೀಯಾ?"

"ಇಲ್ಲ."

"ಆ ಮೂದೇವಿ ಮುಖ ನೋಡಿ ದಿನಾ ಬೆಳಗ್ಗೆ ನಗ್ತೀಯಂತೆ."

"ಅದು ಮಂಡಿ ತೆಗೆಯೋಕೆ ಕಣೇ!"

"ಹಂಗಾದ್ರೆ ಅಡುಗೆಮನೆಗೂ ಇವತ್ತಿಂದ ಅದೇ ರೂಲ್ಸು" ಅಂತ ಬಾಗಿಲಿಗೆ ಅಡ್ಡ ನಿಂತ್ಲು. "ನಗು. ಮೂರೇ ಸಲ ಬಿಡ್ತೀನಿ. ಆಮೇಲೆ ನಾಳೇನೇ."